ತಡವಾದ ಸರಿ ಉತ್ತರವೂ ತಪ್ಪೇ

ಕೆನಡಾದ ನೆಲ್ಸನ್ ನದಿಯ ಜಲವಿದ್ಯುತ್ತು ಡಿಸಿ ರೂಪದಲ್ಲಿ ಸುಮಾರು 900 ಕಿ.ಮೀ. ಸಾಗಿ ವಿನ್ನಿಪೆಗ್ ಸೇರುತ್ತದೆ. ಲೈನಿಗೆ ಸಿಡಿಲು ಬಡಿದರೆ ಎಸಿ-ಡಿಸಿ ಪರಿವರ್ತಕದ ನಿಯಂತ್ರಣ ಪೆಟ್ಟಿಗೆ ಏನು ಮಾಡೀತು? ನಿಜವಾದ ಲೈನಿನ ಮೇಲೆ ಪರೀಕ್ಷಿಸ ಹೊರಟರೆ ಊರಿಗೇ ಕತ್ತಲು. ಹೀಗಾಗಿ ಅಲ್ಲಿನ ಎಚ್‌ವಿಡಿಸಿ (ಅಧಿಕ ವೋಲ್ಟೇಜಿನ ಡಿಸಿ) ಸಂಶೋಧನಾ ಕೇಂದ್ರ 1980ರ ದಶಕದಲ್ಲಿ ಆರ್‌ಟಿಡಿಎಸ್ (ರಿಯಲ್ ಟೈಮ್ ಡಿಜಿಟಲ್ ಸಿಮ್ಯುಲೇಟರ್) ಎಂಬ ಯಂತ್ರವನ್ನು ರೂಪಿಸಿತು. ಅದರೊಳಗೆ ಗ್ರಿಡ್ ಬರೀ ಲೆಕ್ಕ. ಹೊರಗಿನ ಪೆಟ್ಟಿಗೆ ಮಾತ್ರ ಅಸಲಿ.

ಲೆಕ್ಕದ ವಿಧಾನ ಹೊಸದೇನಲ್ಲ, ಎಂಜಿನಿಯರ್ ಹರ್ಮನ್ ಡೊಮ್ಮೆಲ್ 1969ರಲ್ಲೇ ಪ್ರಕಟಿಸಿದ್ದರು. ಆದರೆ ಮಾಮೂಲಿ ಕಂಪ್ಯೂಟರು ಒಂದು ಸೆಕೆಂಡಿನ ಘಟನೆಗೆ ನಿಮಿಷಗಟ್ಟಲೆ ತೆಗೆದುಕೊಂಡರೂ ಕೇಳುವವರಿರಲಿಲ್ಲ. ಅಸಲಿ ಪೆಟ್ಟಿಗೆ ಹಾಗೆ ಕಾಯುವುದಿಲ್ಲ. ಪ್ರತಿ 50 ಮೈಕ್ರೋಸೆಕೆಂಡಿನ ಹೆಜ್ಜೆಗೊಮ್ಮೆ ಇಡೀ ಗ್ರಿಡ್ಡಿನ ವೋಲ್ಟೇಜು, ಕರೆಂಟು ಸಿದ್ಧವಿರಬೇಕು.

ಗುಣಿಸುವುದನ್ನೂ ಕೂಡುವುದನ್ನೂ ಒಂದೇ ಏಟಿಗೆ ಮುಗಿಸುವ ಸಿಗ್ನಲ್ ಪ್ರೊಸೆಸರುಗಳು ಇದಕ್ಕೆ ಒದಗಿಬಂದವು. ಒಂದು ಸಾಲದು, ಹಲವು ಬೇಕು. ಹಾಗಾದರೆ ಕೆಲಸವನ್ನು ಹಂಚುವುದೆಲ್ಲಿ? ನನಗೆ ಇಡೀ ವಿದ್ಯೆಯಲ್ಲಿ ಅತಿ ಚೆಂದವೆನಿಸುವುದು ಈ ಜಾಗವೇ. 50 ಮೈಕ್ರೋಸೆಕೆಂಡಿನಲ್ಲಿ ಬೆಳಕು ಕ್ರಮಿಸುವುದು 15 ಕಿ.ಮೀ. ಅದಕ್ಕಿಂತ ಉದ್ದದ ಲೈನಿನ ಈ ತುದಿಯಲ್ಲಿ ಆದದ್ದು ಆ ತುದಿಗೆ ಅದೇ ಹೆಜ್ಜೆಯಲ್ಲಿ ಮುಟ್ಟುವುದು ಸಾಧ್ಯವೇ ಇಲ್ಲ. ಹಾಗಾಗಿ ಎರಡು ತುದಿಗಳ ಸಬ್‌ಸ್ಟೇಷನ್ನುಗಳನ್ನು ಬೇರೆ ಬೇರೆ ಪ್ರೊಸೆಸರುಗಳಿಗೆ ಒಪ್ಪಿಸಿ, ಹೆಜ್ಜೆ ಮುಗಿದ ಮೇಲೆ ಉತ್ತರಗಳನ್ನು ಅದಲುಬದಲು ಮಾಡಿಕೊಂಡರಾಯಿತು. ಅಂದಾಜು ಬೇಡ, ರಾಜಿಯೂ ಬೇಡ.

ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಈ ಅನುಕೂಲವಿಲ್ಲ. ಇನ್ವರ್ಟರಿನ ಹೊಟ್ಟೆಯೊಳಗೆ 15 ಕಿ.ಮೀ. ಲೈನು ಎಲ್ಲಿಂದ ಬರಬೇಕು? ಸೆಕೆಂಡಿಗೆ 10,000 ಸಲ ಆನ್-ಆಫ್ ಆಗುವ ಸ್ವಿಚ್ಚಿನ ಒಂದು ಸುತ್ತು 100 ಮೈಕ್ರೋಸೆಕೆಂಡು. ಅದನ್ನು ಎರಡೇ ಸಲ ಇಣುಕಿದರೆ ಕಂಡೀತೇನು? ಹೆಜ್ಜೆ ಒಂದೆರಡು ಮೈಕ್ರೋಸೆಕೆಂಡಿಗೆ ಇಳಿಯಬೇಕು. ಮೇಲಾಗಿ, ಸ್ವಿಚ್ಚು ಬದಲಾದಾಗಲೆಲ್ಲ ಸಮೀಕರಣಗಳ ಮ್ಯಾಟ್ರಿಕ್ಸೂ ಬದಲಾಗುತ್ತದೆ. ಅದಕ್ಕೊಂದು ಉಪಾಯವಿದೆ: ಆನ್ ಆದಾಗ ಸ್ವಿಚ್ಚನ್ನು ಪುಟ್ಟ ಇಂಡಕ್ಟರ್ ಎಂದೂ, ಆಫ್ ಆದಾಗ ಪುಟ್ಟ ಕೆಪಾಸಿಟರ್ ಎಂದೂ ಬಗೆದು, ಬೆಲೆಗಳನ್ನು ಹೊಂದಿಸಿದರೆ ಮ್ಯಾಟ್ರಿಕ್ಸ್ ಹಾಗೇ ಉಳಿಯುತ್ತದೆ. ಆದರೆ ಅಸಲಿ ಯಂತ್ರದಲ್ಲಿಲ್ಲದ ವಿದ್ಯುತ್ ನಷ್ಟ ಲೆಕ್ಕದಲ್ಲಿ ನುಸುಳುತ್ತದೆ. ಇದನ್ನು ಮರೆತು ದಕ್ಷತೆಯ ಅಂಕಿ ಓದುವವನು ಮೋಸಹೋಗುತ್ತಾನೆ. ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಈಚಿನ ಎಫ್‌ಪಿಜಿಎ ಚಿಪ್ಪುಗಳು ಹೆಜ್ಜೆಯನ್ನು ಒಂದು ಮೈಕ್ರೋಸೆಕೆಂಡಿಗೂ ಕೆಳಗಿಳಿಸಿವೆ.

ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲೂ ಇಂಥ ಸಿಮ್ಯುಲೇಟರ್ ಇದೆ. ರಕ್ಷಣಾ ರಿಲೇಗಳ ಪರೀಕ್ಷೆಗೆ ಬಳಕೆಯಾಗುತ್ತದೆ. ಮಾದರಿಯ ಲೈನಿನಲ್ಲಿ ಫಾಲ್ಟ್ (ದೋಷ) ಹುಟ್ಟಿಸಿದಾಗ ಲೆಕ್ಕದ ವೋಲ್ಟೇಜು ಆಂಪ್ಲಿಫೈಯರ್ ಹಾದು ರಿಲೇಗೆ ತಲುಪುತ್ತದೆ. ರಿಲೇ ಟ್ರಿಪ್ ಆದರೆ ಆ ಸಂಕೇತ ಮರಳಿ ಬಂದು ಮಾದರಿಯೊಳಗಿನ ಬ್ರೇಕರನ್ನು ತೆರೆಯುತ್ತದೆ. ಆಮೇಲೆ ಅದೇ ಫಾಲ್ಟನ್ನು ತರಂಗದ ಇನ್ನೊಂದು ಬಿಂದುವಿನಲ್ಲಿ ಮತ್ತೆ ಹುಟ್ಟಿಸಬಹುದು, ಬೇಕಾದಷ್ಟು ಸಲ.