ಅನ್ನದ ತಟ್ಟೆಯೂ ವಿದ್ಯೆಯ ಸ್ವಾತಂತ್ರ್ಯವೂ

ಜನ್ನನ 'ಯಶೋಧರ ಚರಿತೆ'ಯನ್ನು ನಾನು ಹದಿನೈದು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಕ್ರಿ.ಶ. ೧೨೦೯ರಲ್ಲಿ ರಚಿತವಾದ ಈ ಕಾವ್ಯದ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ತಿಳಿದುದೇ. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವವಿಲ್ಲದ ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿಗೊಡುತ್ತಾನೆ. ಕೊಲ್ಲುವ ಸಂಕಲ್ಪವೇ ಪಾಪವಾಗಿ ತಾಯಿಮಕ್ಕಳಿಬ್ಬರನ್ನೂ ಜನ್ಮಜನ್ಮಾಂತರಗಳಲ್ಲಿ ತೊಳಲಿಸುತ್ತದೆ. ಕಳೆದ ವರ್ಷ ಈ ಭಾಗವನ್ನು ವಿವರಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಮಾರಿಹಬ್ಬಕ್ಕೆ ನಮ್ಮ ಮನೆಯಲ್ಲಿ ನಿಜವಾದ ಕೋಳಿಯನ್ನೇ ಕೊಯ್ಯುತ್ತೇವೆ. ಹಾಗಾದರೆ ನಮಗೆ ಎಷ್ಟು ಜನ್ಮ ಸಾರ್?" ಎಂದಳು. ತರಗತಿಯೆಲ್ಲ ನಕ್ಕಿತು. ಆದರೆ ಅವಳು ನಗಲಿಲ್ಲ. "ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಕುಳಿತುಕೊಳ್ಳಮ್ಮ" ಎಂದುಬಿಟ್ಟೆ. ಅವಳು ಕುಳಿತಳು. ಪಾಠ ಮುಂದುವರಿಯಿತು.

ಹಾಗೆ ಹೇಳಿದ್ದಕ್ಕೆ ಕಾರಣವಿಲ್ಲದಿರಲಿಲ್ಲ. ೨೦೨೧ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಮಧ್ಯಾಹ್ನದೂಟದ ಜೊತೆಗೆ ಮೊಟ್ಟೆ ಕೊಡತೊಡಗಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಆಗ ನಾನಿದ್ದ ಕಾಲೇಜಿನ ಚರ್ಚಾಕೂಟಕ್ಕೆ ಅದನ್ನೇ ವಿಷಯವಾಗಿ ಸೂಚಿಸಿದೆ. ಹಿರಿಯರೊಬ್ಬರು ನನ್ನನ್ನು ಕೊಠಡಿಗೆ ಕರೆದು, ಚಹಾ ತರಿಸಿ, "ಊಟದ ಮಾತು ವಿದ್ಯಾಸಂಸ್ಥೆಗೆ ಬೇಡ ಮೇಷ್ಟ್ರೇ, ಬೇರೆ ಏನಾದರೂ ಇಡಿ" ಎಂದರು. ಬೆದರಿಕೆಯಿಲ್ಲ, ಗದರಿಕೆಯಿಲ್ಲ. ನಾನೂ ಚಹಾ ಕುಡಿದು ಎದ್ದು ಬಂದೆ. ಆ ವರ್ಷ ನಮ್ಮ ವಿದ್ಯಾರ್ಥಿಗಳು ಗ್ರಂಥಾಲಯದ ಮಹತ್ವವನ್ನು ಕುರಿತು ಚರ್ಚಿಸಿದರು. ವಿರೋಧಪಕ್ಷಕ್ಕೆ ಮಾತನಾಡಲು ಯಾರೂ ಸಿಕ್ಕಲಿಲ್ಲ.

ಈ ಎರಡು ಪ್ರಸಂಗಗಳನ್ನೂ ನಾನು ಮರೆತುಬಿಡುತ್ತಿದ್ದೆನೋ ಏನೋ. ಆದರೆ ಅಮೆರಿಕದ ವಿಶ್ವವಿದ್ಯಾನಿಲಯವೊಂದರ ವೃತ್ತಾಂತವನ್ನು ಓದಿದ ಮೇಲೆ ಅವು ಮತ್ತೆ ಎದುರಿಗೆ ಬಂದು ನಿಂತವು.

ನ್ಯೂಯಾರ್ಕ್ ಸಂಸ್ಥಾನದ ಇಥಾಕಾ ಎಂಬ ಊರಿನಲ್ಲಿ, ಉದ್ದನೆಯ ಸರೋವರವೊಂದರ ಮೇಲಣ ದಿಣ್ಣೆಯಲ್ಲಿ, ಕಾರ್ನೆಲ್ ವಿಶ್ವವಿದ್ಯಾನಿಲಯವಿದೆ. ಯಾರು ಬಂದರೂ ಯಾವ ವಿಷಯದಲ್ಲಿ ಬೇಕಾದರೂ ಶಿಕ್ಷಣ ದೊರೆಯಬೇಕೆಂಬುದು ೧೮೬೫ರಲ್ಲಿ ಅದನ್ನು ಸ್ಥಾಪಿಸಿದ ಎಜ್ರಾ ಕಾರ್ನೆಲ್‌ನ ಆಶಯ. ಕೃಷಿಶಾಸ್ತ್ರಕ್ಕೂ ಪೋಷಣಶಾಸ್ತ್ರಕ್ಕೂ ಅದು ಹೆಸರುವಾಸಿ. ಸುತ್ತಲಿನದು ಹೈನುಗಾರಿಕೆಯ ನಾಡು. ವಿಶ್ವವಿದ್ಯಾನಿಲಯದ ಅಂಗಳದಲ್ಲಿಯೇ ಹಾಲು ಸಂಸ್ಕರಿಸಿ ಐಸ್‌ಕ್ರೀಮು ಮಾಡಿ ಮಾರುತ್ತಾರೆ. ಅಂಥಲ್ಲಿ ೧೯೯೦ರ ದಶಕದಲ್ಲಿ ಕಾಲಿನ್ ಕ್ಯಾಂಪ್‌ಬೆಲ್ ಎಂಬ ಪ್ರಾಧ್ಯಾಪಕರು ಸಸ್ಯಾಹಾರ ಪೋಷಣೆಯನ್ನೇ ವಿಷಯವಾಗಿಟ್ಟುಕೊಂಡು ಪಾಠ ಹೇಳಲಾರಂಭಿಸಿದರು.

ಈ ಕ್ಯಾಂಪ್‌ಬೆಲ್ ಹುಟ್ಟು ಸಸ್ಯಾಹಾರಿಯಲ್ಲ. ೧೯೩೪ರಲ್ಲಿ ಜನಿಸಿ, ವರ್ಜೀನಿಯದ ಹೈನುಮನೆಯೊಂದರಲ್ಲಿ ಹಸು ಕರೆಯುತ್ತ ಬೆಳೆದವರು. ಮನುಷ್ಯನಿಗೆ ಹೆಚ್ಚು ಹೆಚ್ಚು ಪ್ರಾಣಿಜನ್ಯ ಪ್ರೋಟೀನು ಒದಗಿಸಬೇಕೆಂಬುದೇ ಅವರ ತಾರುಣ್ಯದ ಸಂಶೋಧನೆಯ ಗುರಿ. ಆ ಗುರಿಯನ್ನೇ ಅಲ್ಲಾಡಿಸಿದ ಪ್ರಬಂಧವೊಂದು ಹೋದದ್ದು ನಮ್ಮ ದೇಶದಿಂದ ಎಂಬುದು ಗಮನಾರ್ಹ. ೧೯೬೮ರಲ್ಲಿ ಹೈದರಾಬಾದಿನ ಪೋಷಣ ಸಂಶೋಧನಾಲಯದ ಮಾಧವನ್ ಮತ್ತು ಗೋಪಾಲನ್ ಎಂಬ ವಿಜ್ಞಾನಿಗಳು, ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಇಲಿಗಳಿಗೆ ಉಣಿಸಿ ಪರೀಕ್ಷಿಸಿದ್ದರು. ಕೇಸಿನ್ ಎಂಬ ಹಾಲಿನ ಪ್ರೋಟೀನು ಆಹಾರದಲ್ಲಿ ನೂರಕ್ಕೆ ಇಪ್ಪತ್ತರಷ್ಟಿದ್ದ ಇಲಿಗಳಲ್ಲಿ ಯಕೃತ್ತಿನ ಅರ್ಬುದ ಕಂಡಿತು. ನೂರಕ್ಕೆ ಐದರಷ್ಟಿದ್ದ ಇಲಿಗಳಲ್ಲಿ ಕಾಣಲಿಲ್ಲ. ಇದನ್ನು ಓದಿದ ಕ್ಯಾಂಪ್‌ಬೆಲ್ ತಮ್ಮ ಪ್ರಯೋಗಶಾಲೆಯಲ್ಲಿಯೇ ಆ ಜಾಡು ಹಿಡಿದು ಹೊರಟರು. ಮುಂದೆ ೧೯೮೩–೮೪ರಲ್ಲಿ ಚೀನಾ ಮತ್ತು ಇಂಗ್ಲೆಂಡಿನ ವಿದ್ವಾಂಸರೊಡನೆ ಸೇರಿ ಚೀನಾದೇಶದ ೬೫ ಜಿಲ್ಲೆಗಳ ೬,೫೦೦ ಮಂದಿಯ ಊಟವನ್ನೂ ರೋಗವನ್ನೂ ಕೂಲಂಕಷವಾಗಿ ಅಳೆಯುವ ಕಾರ್ಯ ನಡೆಯಿತು. ಹಾಲು ಕರೆದ ಕೈ, ಹಾಲನ್ನು ಬಿಡಿರೆಂದು ಬರೆಯುವಂತಾಯಿತು.

ಅವರ ತೀರ್ಮಾನಗಳನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿದರೆಂದು ತಿಳಿಯಬಾರದು. ವಿಷ ಉಂಡ ಇಲಿಯ ಅನುಭವವನ್ನು ಮನುಷ್ಯನ ತಟ್ಟೆಗೆ ಹೊಂದಿಸಬಹುದೆ, ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾದೀತೆ ಎಂಬ ಆಕ್ಷೇಪಗಳು ಬಂದವು. ಅವು ತಕ್ಕ ಆಕ್ಷೇಪಗಳೇ. ಆದರೆ ಅಂಥ ಆಕ್ಷೇಪಗಳನ್ನು ಎತ್ತಬೇಕಾದ, ಉತ್ತರ ಪಡೆಯಬೇಕಾದ ಜಾಗ ಯಾವುದು? ತರಗತಿಯೇ ಅಲ್ಲವೆ? ಸಸ್ಯಾಹಾರದ ಪಾಠವೆಂದರೆ ಸಸ್ಯಾಹಾರದ ಸ್ತೋತ್ರವಲ್ಲ. ಧಾನ್ಯದಲ್ಲಿ ಕೊರತೆಯಾದ ಲೈಸಿನ್ ಎಂಬ ಅಂಶ ಬೇಳೆಯಲ್ಲಿ ಸಿಕ್ಕುವುದನ್ನೂ, ಅದರಿಂದ ನಮ್ಮ ಮುದ್ದೆ-ಸಾರು ಒಂದನ್ನೊಂದು ತುಂಬಿಕೊಡುವುದನ್ನೂ ಆ ಪಾಠ ಹೇಳಬೇಕು. ಹಾಲನ್ನೂ ಮೊಟ್ಟೆಯನ್ನೂ ಸಹ ಬಿಟ್ಟವರು ಬಿ-೧೨ ಜೀವಸತ್ವವನ್ನು ಬೇರೆಯಾಗಿ ಪಡೆಯದಿದ್ದರೆ ನರಗಳಿಗೆ ಅಪಾಯವೆಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು.

೨೦೦೫ರಲ್ಲಿ ಆ ಪಾಠವು ಕಾರ್ನೆಲ್ಲಿನ ಪಠ್ಯಪಟ್ಟಿಯಿಂದ ಹೊರಟುಹೋಯಿತು. ತಮ್ಮನ್ನಾಗಲಿ ಅಧ್ಯಾಪಕವರ್ಗವನ್ನಾಗಲಿ ಕೇಳದೆ ತೆಗೆದುಹಾಕಿದರೆಂದೂ, ಇದರ ಹಿಂದೆ ಆಹಾರೋದ್ಯಮಗಳ, ಅದರಲ್ಲೂ ಹೈನೋದ್ಯಮದ, ಪ್ರಭಾವವಿತ್ತೆಂದೂ ಕ್ಯಾಂಪ್‌ಬೆಲ್ ಬರೆದಿದ್ದಾರೆ. ಆರೋಪ ಆರೋಪವೇ, ತೀರ್ಪು ಕೊಡಲು ನಾನು ಯಾರು? ಯಾವುದನ್ನು ಪಾಠವಾಗಿಡಬೇಕೆಂದು ವಿಭಾಗವೂ ನಿರ್ಧರಿಸಬಹುದೆಂಬ ವಾದದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ನಿರ್ಧಾರ ಮುಖ್ಯವಾಗಿ ಅಧ್ಯಾಪಕರೆಲ್ಲ ಕೂಡಿ ಮಾಡತಕ್ಕದ್ದೆಂಬುದು ಅಮೆರಿಕದ ವಿದ್ಯಾವಲಯವೇ ೧೯೬೬ರಲ್ಲಿ ಒಪ್ಪಿಕೊಂಡ ತತ್ತ್ವ. ಕೌತುಕವೆಂದರೆ, ಕೆಲವು ವರ್ಷಗಳ ಬಳಿಕ ಅದೇ ಕಾರ್ನೆಲ್ಲಿನ ಅಂತರ್ಜಾಲ ಶಿಕ್ಷಣಶಾಖೆಯು ಕ್ಯಾಂಪ್‌ಬೆಲ್ಲರ ಪ್ರತಿಷ್ಠಾನದೊಡನೆ ಕೂಡಿ ಸಸ್ಯಮೂಲ ಆಹಾರದ ಬಗೆಗೆ ಶುಲ್ಕ ಪಡೆದು ಪಾಠ ನಡೆಸತೊಡಗಿತು. ಮುಂಬಾಗಿಲಿನಿಂದ ಹೋದದ್ದು ಪಕ್ಕದ ಬಾಗಿಲಿನಿಂದ ಮರಳಿ ಬಂದಿತು.

ಬೆಣ್ಣೆಯ ವಿಷಯದಲ್ಲಿ ವಿದ್ವಾಂಸರು ಪೇಚಿಗೆ ಸಿಕ್ಕಿದ್ದು ಇದೇ ಮೊದಲಲ್ಲ. ಅಮೆರಿಕದಲ್ಲಿ ಬೆಣ್ಣೆಯ ಪಕ್ಷ ವಹಿಸಿ ಮಾರ್ಗರೀನಿನ ಮೇಲೆ ಕೇಂದ್ರ ಸರಕಾರವು ೧೮೮೬ರಿಂದ ೧೯೫೦ರವರೆಗೆ ವಿಶೇಷ ತೆರಿಗೆ ಹೇರಿತ್ತು. ಮಾರ್ಗರೀನೆಂದರೆ ಹೆಚ್ಚಾಗಿ ಎಣ್ಣೆಯನ್ನು ಗಟ್ಟಿಗೊಳಿಸಿ ಮಾಡುವ ಬದಲಿ ಬೆಣ್ಣೆ. ನಮ್ಮ ವನಸ್ಪತಿಯ ಹತ್ತಿರದ ನಂಟ. ೧೯೪೩ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಐಯೋವಾ ಸಂಸ್ಥಾನದ ಕೃಷಿ ಕಾಲೇಜಿನಿಂದ ಆಸ್ವಾಲ್ಡ್ ಬ್ರೌನ್‌ಲೀ ಎಂಬ ತರುಣ ಅರ್ಥಶಾಸ್ತ್ರಜ್ಞರ ಕಿರುಹೊತ್ತಗೆಯೊಂದು ಹೊರಟಿತು. ಪೋಷಣೆಯಲ್ಲಿಯೂ ರುಚಿಯಲ್ಲಿಯೂ ಮಾರ್ಗರೀನು ಬೆಣ್ಣೆಗೆ ತೀರ ಕಡಿಮೆಯದಲ್ಲ, ಯುದ್ಧಕಾಲದಲ್ಲಿ ಅದನ್ನು ಬಳಸಿದರೆ ದುಡಿಮೆ ಉಳಿದೀತು ಎಂಬುದೇ ಅದರ ಅಭಿಪ್ರಾಯ. ಹೈನುಗಾರರು ಕೆರಳಿದರು. ಕಾಲೇಜು ಹೊತ್ತಗೆಯನ್ನು ಹಿಂದಕ್ಕೆ ಪಡೆಯಿತು. ಆ ವಿಭಾಗದ ಮುಖ್ಯಸ್ಥರಾಗಿದ್ದ ಥಿಯೊಡೋರ್ ಶುಲ್ಟ್ಜ್ ರಾಜೀನಾಮೆಯಿತ್ತು ಶಿಕಾಗೊಗೆ ಹೊರಟುಹೋದರು. ತಿದ್ದಿದ ಹೊತ್ತಗೆ ೧೯೪೪ರಲ್ಲಿ ಹೊರಬಂದಿತಾದರೂ ಹೋದವರು ಮರಳಲಿಲ್ಲ. ಶುಲ್ಟ್ಜರಿಗೆ ೧೯೭೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಸತ್ಯವಂತನು ಗೆದ್ದ ನೀತಿಕಥೆಯಾದೀತು. ಆದರೆ ಸಂಗತಿ ಅಷ್ಟು ಸರಳವಲ್ಲ. ಎಣ್ಣೆಯನ್ನು ಹಾಗೆ ಗಟ್ಟಿಗೊಳಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡೆಂಬುದು ಮುಂದೆ, ೧೯೯೦ರ ದಶಕದ ಹೊತ್ತಿಗೆ, ಸಿದ್ಧವಾಯಿತು. ನಮ್ಮ ದೇಶದಲ್ಲಿಯೂ ೨೦೨೨ರಿಂದ ಎಣ್ಣೆ-ಕೊಬ್ಬುಗಳಲ್ಲಿ ಅದು ನೂರಕ್ಕೆ ಎರಡನ್ನು ಮೀರಕೂಡದೆಂಬ ನಿಯಮವಿದೆ. ಎಂದರೆ, ಆ ಕಾಲದ ಮಾರ್ಗರೀನಿನ ಬಗೆಗೆ ಆ ತರುಣ ವಿದ್ವಾಂಸನಿಗೆ ತಿಳಿದದ್ದು ಅರ್ಧ ಮಾತ್ರ. ಹಾಗಾದರೆ ಹೈನುಗಾರರು ಅವನ ಬಾಯಿ ಮುಚ್ಚಿಸಿದ್ದು ಸರಿಯಾಯಿತೆ? ನನಗೆ ಹಾಗೆನ್ನಿಸುವುದಿಲ್ಲ. ಆ ತಪ್ಪನ್ನು ಕಂಡುಹಿಡಿದದ್ದು ಅವರ ಕೋಪವಲ್ಲ. ಮತ್ತೊಂದು ಪ್ರಯೋಗಶಾಲೆಯಲ್ಲಿ ಕುಳಿತು ಸ್ವತಂತ್ರವಾಗಿ ಅಳೆದು ನೋಡಿದ ಮತ್ತೊಬ್ಬ ವಿದ್ವಾಂಸ. ವಿದ್ವಾಂಸನ ತಪ್ಪನ್ನು ವಿದ್ವತ್ತೇ ತಿದ್ದಬೇಕು.

ಅಧ್ಯಾಪಕನ ಸ್ವಾತಂತ್ರ್ಯವೆಂದರೆ ಅವನು ಹೇಳಿದ್ದೆಲ್ಲ ಸರಿಯೆಂಬ ಸನ್ನದು ಅಲ್ಲವೆಂಬುದು ಇದರಿಂದ ಹೊಳೆಯುತ್ತದೆ. ೧೯೧೫ರಲ್ಲಿ ಅಮೆರಿಕದ ಪ್ರಾಧ್ಯಾಪಕರ ಸಂಘವು ತನ್ನ ಘೋಷಣೆಯನ್ನು ಹೊರಡಿಸಿದಾಗ, ವಿವಾದದ ವಿಷಯಗಳಲ್ಲಿ ಅನ್ಯಪಕ್ಷವನ್ನೂ ನ್ಯಾಯವಾಗಿ ವಿದ್ಯಾರ್ಥಿಗಳ ಮುಂದಿಡುವ ಹೊಣೆಯನ್ನು ಅಧ್ಯಾಪಕನ ಮೇಲೆಯೇ ಹೊರಿಸಿತು. ಅದಕ್ಕೂ ಹಿಂದೆ ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ಎರಡು ಸ್ವಾತಂತ್ರ್ಯಗಳ ಮಾತಿತ್ತು: ಕಲಿಸುವವನದೊಂದು, ಕಲಿಯುವವನದೊಂದು. ನಾವು ಅಧ್ಯಾಪಕರು ಮೊದಲನೆಯದಕ್ಕಾಗಿ ಧ್ವನಿಯೆತ್ತುತ್ತೇವೆ. ಎರಡನೆಯದನ್ನು ನಮಗರಿಯದಂತೆಯೇ ಕಸಿದುಕೊಳ್ಳುತ್ತೇವೆ.

ನಾನು ಕಸಿದುಕೊಂಡದ್ದೂ ಅದನ್ನೇ. ಇಥಾಕಾದಲ್ಲಿ ಸಸ್ಯಾಹಾರದ ಮಾತು ಕೆಲವರಿಗೆ ಇರುಸುಮುರುಸಾಗಿದ್ದರೆ, ನಮ್ಮಲ್ಲಿ ಮಾಂಸಾಹಾರದ ಮಾತು ಹಾಗಾಗುತ್ತದೆ. ಊರು ಬೇರೆ, ತಟ್ಟೆ ಬೇರೆ, ಭಯವೊಂದೇ. ನಾನು ಹುಟ್ಟಿನಿಂದ ಸಸ್ಯಾಹಾರಿ. ಕ್ಯಾಂಪ್‌ಬೆಲ್ಲರ ವೃತ್ತಾಂತವನ್ನು ಓದಿ ನನ್ನ ರಕ್ತ ಕುದಿದದ್ದು ಸಹಜ. ಅದು ನನ್ನ ಊಟದ ಪಕ್ಷ. ಆದರೆ ನನ್ನ ಊಟದ ಪಾಠ ನಿಂತಾಗ ಮಾತ್ರ ಅನ್ಯಾಯವೆನ್ನುವವನು ಸ್ವಾತಂತ್ರ್ಯದ ಪಕ್ಷದವನಲ್ಲ, ಊಟದ ಪಕ್ಷದವನು. ಚರ್ಚಾಕೂಟದ ವಿಷಯವನ್ನು ಬದಲಿಸಿದಾಗ ನನಗೆ ರಕ್ತ ಕುದಿಯಲಿಲ್ಲ. ಆ ಹುಡುಗಿ ಕುಳಿತಾಗಲೂ ಕುದಿಯಲಿಲ್ಲ.

ಅವಳ ಪ್ರಶ್ನೆ ಕಾವ್ಯದ ಒಳಗಿನ ಪ್ರಶ್ನೆಯೇ ಆಗಿತ್ತೆಂದು ಈಗ ತಿಳಿಯುತ್ತದೆ. ಸಂಕಲ್ಪವೇ ಹಿಂಸೆಯೆನ್ನುವ ಕವಿ, ಮನೆತನದ ವಾಡಿಕೆಯಂತೆ ದ್ವೇಷವಿಲ್ಲದೆ ಕೋಳಿ ಕೊಯ್ಯುವವರ ವಿಷಯದಲ್ಲಿ ಏನು ಹೇಳಿಯಾನು? ಎಂಟುನೂರು ವರ್ಷಗಳ ಹಿಂದಿನ ಕೃತಿಯನ್ನು ಇಂದಿನ ತಟ್ಟೆಯ ಮುಂದಿಟ್ಟು ಕೇಳಿದ ಆ ಹುಡುಗಿಗಿಂತ ಒಳ್ಳೆಯ ವಿದ್ಯಾರ್ಥಿ ಜನ್ನನಿಗೆ ದೊರೆಯುವುದುಂಟೆ?

ಈ ವರ್ಷ ಅದೇ ಭಾಗ ಬಂದಾಗ, ಯಾರೂ ಕೇಳುವ ಮೊದಲು ನಾನೇ ಆ ಪ್ರಶ್ನೆಯನ್ನು ಕೇಳಿದೆ. ತರಗತಿ ಮೊದಲು ನಕ್ಕಿತು, ಬಳಿಕ ಸುಮ್ಮನಾಯಿತು. ಆಮೇಲೆ ಘಂಟೆ ಹೊಡೆದದ್ದೂ ತಿಳಿಯದಂತೆ ಮಾತನಾಡಿತು. ಕೆಲವರು ಕವಿಯನ್ನು ಎದುರಿಸಿದರು, ಕೆಲವರು ನನ್ನನ್ನೇ ಎದುರಿಸಿದರು. ಉತ್ತರವೇನೂ ನಿಷ್ಕರ್ಷೆಯಾಗಲಿಲ್ಲ. ಕೇಳಿದವಳು ಮಾತ್ರ ಅಲ್ಲಿರಲಿಲ್ಲ. ಅವಳು ತೇರ್ಗಡೆಯಾಗಿ ಹೋಗಿದ್ದಳು. ಅವಳ ಪ್ರಶ್ನೆಯನ್ನು ನನ್ನ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.