ಪೇಟೆಯ ಬೆಲೆಯೂ ತೋಟದ ಆಯುಷ್ಯವೂ



ಕಳೆದ ಬೇಸಿಗೆಯಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ನನ್ನ ಅಕ್ಕನನ್ನು ಕೊಟ್ಟಿರುವುದು ಆ ಊರಿಗೆ. ಊಟವಾದ ಮೇಲೆ ಸೋದರಳಿಯ ತನ್ನ ಎರೆಹೊಲ ತೋರಿಸಲು ಕರೆದುಕೊಂಡು ಹೋದ. ಹತ್ತಿ, ಶೇಂಗಾ, ಗೋವಿನಜೋಳ ಬೆಳೆಯುವ ನಾಲ್ಕು ಎಕರೆ.

"ಮಾಮಾ, ಇದರಾಗ ಎರಡು ಎಕರೆ ಅಡಿಕಿ ಹಚ್ಚಬೇಕಂತ ಮಾಡೀನಿ. ಬೋರ್ ಕೊರಸಾಕ ಹೊಲದ ಮ್ಯಾಲ ಸಾಲ ತಗೋತೀನಿ. ಈಗಿನ ರೇಟು ನೋಡಿದರ ಐದು ವರ್ಷದಾಗ ಸಾಲ ಹರೀತದ. ನೀವು ಅಡಿಕಿ ಬೆಳಿಯೋರು, ಸಂಘ ನಡಸೋರು. ನೀವ ಹೇಳ್ರಿ" ಎಂದ.

ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ನಮ್ಮ ಸಂಘದ ಕಛೇರಿಗೆ ಬರುವ ಸದಸ್ಯರೂ ಬೇರೆ ಬೇರೆ ಮಾತುಗಳಲ್ಲಿ ಇದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಬೆಲೆ ಬಂದಿದೆ, ಕೈಯಲ್ಲಿ ನಾಲ್ಕು ಕಾಸು ಇದೆ, ಎಲ್ಲಿ ಹಾಕಬೇಕು? ಆ ಕಾರಣದಿಂದ ಈ ಲೇಖನ.

ಹತ್ತಿ ಕಲಿಸಿದ ಪಾಠ

ಜಗತ್ತಿನ ಪೇಟೆಯ ಏರಿಳಿತ ನಮಗೆ ಹೊಸತಲ್ಲ. ಗದಗ, ಧಾರವಾಡ ಸೀಮೆಯ ರೈತ ಅದನ್ನು ನೂರೈವತ್ತು ವರ್ಷಗಳ ಹಿಂದೆಯೇ ಕಂಡವನು. 1840ರ ದಶಕದಲ್ಲಿಯೇ ಕಂಪನಿ ಸರ್ಕಾರ ಈ ಭಾಗದಲ್ಲಿ ಅಮೆರಿಕದ ಹತ್ತಿಯ ತಳಿಯನ್ನು ಬೆಳೆಸಲು ಆರಂಭಿಸಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತುಹೋಯಿತು. ಮುಂಬಯಿಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಬೆಲೆ ಇರುವ ತನಕ ಸಾಹುಕಾರರು ಕರೆದು ಕರೆದು ಸಾಲ ಕೊಟ್ಟರು.

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಮುಂಬಯಿಯ ಷೇರು ಪೇಟೆಯೂ ನೆಲ ಕಚ್ಚಿತು. ಬೆಲೆ ಇಳಿಯಿತೇ ಹೊರತು ಬರೆದುಕೊಟ್ಟ ಸಾಲದ ಪತ್ರ ಹಾಗೆಯೇ ಉಳಿಯಿತು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಆ ಪತ್ರಗಳನ್ನೇ ಸುಟ್ಟರು. ಮರುವರ್ಷವೇ ದೊಡ್ಡ ಬರ ಬಂದು 1878ರವರೆಗೂ ದಕ್ಷಿಣದ ನಾಡನ್ನೆಲ್ಲ ಹಿಂಡಿತು.

ರೈತನಿಗೆ ನ್ಯಾಯವಾದ ಬಡ್ಡಿಯಲ್ಲಿ ಸಾಲ ದೊರೆಯಬೇಕೆಂಬ ವಿಚಾರ ಬಲವಾದದ್ದು ಇಂಥ ಅನುಭವಗಳಿಂದ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಆರಂಭಕಾಲದ ಸಂಘಗಳಲ್ಲಿ ಅದೂ ಒಂದು. ಇಂದು ನಮ್ಮ ಸಂಘದ ಬಾಗಿಲು ತೆರೆದಿರುವುದೂ ಅಂಥ ಹಿರಿಯರ ಶ್ರಮದಿಂದಲೇ.

ಕಾಫಿ ಮತ್ತು ಅಡಿಕೆಯ ಕಥೆ

ಕಾಫಿಯ ಕಥೆಯೂ ಬೇರೆಯಲ್ಲ. 1975ರ ಜುಲೈನಲ್ಲಿ ಬ್ರೆಜಿಲ್ ದೇಶದ ಪರಾನಾ ಪ್ರಾಂತದಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಕರಿದಾದವು. 1977ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಪೌಂಡಿಗೆ 3 ಡಾಲರ್ ದಾಟಿತು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತು ಬೆಲೆ ಕುಸಿಯಿತು. 1996ರ ಹೊತ್ತಿಗೆ ನಮ್ಮಲ್ಲಿಯೂ ಕಾಫಿ ಮಂಡಳಿಯ ಪೂಲ್ ಪದ್ಧತಿ ಪೂರ್ಣವಾಗಿ ಮುಗಿದು ಬೆಳೆಗಾರ ನೇರವಾಗಿ ಪೇಟೆಯ ಎದುರು ನಿಂತ. ಅಷ್ಟರಲ್ಲಿ ವಿಯೆಟ್ನಾಮಿನಲ್ಲಿ ಹೊಸದಾಗಿ ನೆಟ್ಟ ರೊಬಸ್ಟಾ ಫಸಲಿಗೆ ಬಂದಿತ್ತು. 2001ರಲ್ಲಿ ಅರೇಬಿಕಾ ಪೌಂಡಿಗೆ ಅರ್ಧ ಡಾಲರಿಗಿಂತ ಕೆಳಗೆ ಹೋಯಿತು. ಆ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರು ನಮ್ಮ ನಡುವೆ ಇದ್ದಾರೆ. ಮುಂದೆ 2024ರ ಸೆಪ್ಟೆಂಬರಿನಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು.

ಇದರ ಹಿಂದಿನ ಸೂತ್ರ ಸರಳ. ಬೆಲೆ ಏರಿದಾಗ ಜಗತ್ತಿನ ಎಲ್ಲ ಕಡೆ ಎಲ್ಲರೂ ಒಟ್ಟಿಗೆ ಗಿಡ ನೆಡುತ್ತಾರೆ. ಕಾಫಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ, ಅಡಿಕೆಗೆ ಐದರಿಂದ ಏಳು ವರ್ಷ. ಎಲ್ಲರ ಗಿಡವೂ ಒಟ್ಟಿಗೆ ಫಲ ಕೊಡುವ ಹೊತ್ತಿಗೆ ಬೆಲೆ ಇಳಿದಿರುತ್ತದೆ. ಬೆಲೆಯ ತುದಿಯಲ್ಲಿ ನೆಟ್ಟವನು ಬೆಲೆಯ ತಳದಲ್ಲಿ ಮಾರಬೇಕಾಗುತ್ತದೆ.

ಅಡಿಕೆಗೆ 1970ರ ದಶಕದ ಆರಂಭದಲ್ಲಿ ಇದೇ ಗತಿ ಬಂದಿತ್ತು. ಆ ಸಂಕಟದಲ್ಲಿಯೇ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದು ಅಡಿಕೆಯೊಂದನ್ನೇ ನಂಬಿ ಕೂಡಲಿಲ್ಲ. ಕೋಕೋ ಖರೀದಿಗೂ ಇಳಿದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಈಚೆಗೆ 2023ರಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿತು. ಇದರಿಂದ ನಮಗೆ ನೆರಳು ಸಿಕ್ಕಿತು, ನಿಜ. ಆದರೆ ಒಂದು ಆದೇಶದಿಂದ ಎದ್ದ ಗೋಡೆಯನ್ನು ಇನ್ನೊಂದು ಆದೇಶ ತಗ್ಗಿಸಬಹುದು. ಅಲ್ಲದೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನಮಗೆ ಕಹಿಯಾದರೂ ಇದನ್ನು ಮುಚ್ಚಿಟ್ಟು ಮುಂದಿನ ಮೂವತ್ತು ವರ್ಷದ ಲೆಕ್ಕ ಹಾಕುವುದು ಸರಿಯಲ್ಲ.

ಜವಾಬ್ದಾರಿಯ ಹೂಡಿಕೆ

ಜವಾಬ್ದಾರಿಯ ಹೂಡಿಕೆ ಎಂಬ ಮಾತು ಈಗ ಪಟ್ಟಣಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಲಾಭದ ಜೊತೆಗೆ ಆ ಲಾಭ ಯಾವ ನೆಲ, ಯಾವ ನೀರು, ಯಾರ ದುಡಿಮೆಯಿಂದ ಬಂತೆಂದು ಕೇಳುವುದೇ ಅದರ ಅರ್ಥ. ಮೊಮ್ಮಕ್ಕಳಿಗಾಗಿ ತೋಟ ಹಾಕುವ ನಮಗೆ ಈ ಪ್ರಶ್ನೆ ಹೊಸದೇನೂ ಅಲ್ಲ.

ಅಳಿಯನ ಹೊಲದ ಲೆಕ್ಕವನ್ನೇ ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಸಸಿ. ಹನಿ ನೀರಾವರಿಯಲ್ಲಿಯೂ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎರಡು ಎಕರೆಗೆ ದಿನಕ್ಕೆ ಸುಮಾರು 20,000 ಲೀಟರ್ ಆಯಿತು. ಆ ಸೀಮೆಯಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ನೀರು ಬಸಿಯದ ಅಂಟು ಎರೆಮಣ್ಣು ಅಡಿಕೆಯ ಬೇರಿಗೆ ಒಗ್ಗುವುದೂ ಇಲ್ಲ. ಬೋರು ಬತ್ತಿದರೆ ಅವನ ತೋಟ ಒಣಗುತ್ತದೆ. ಬತ್ತದಿದ್ದರೆ ಪಕ್ಕದವರ ಬಾವಿ ಒಣಗಬಹುದು. ಎರಡರಲ್ಲಿ ಯಾವುದಾದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಕಾಫಿ ಬೆಳೆಗಾರರು ಇನ್ನೊಂದು ವಿಷಯವನ್ನು ಗಮನಿಸಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ತನ್ನ ಪೇಟೆಗೆ ಬರಕೂಡದೆಂದು ಯೂರೋಪು ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಅದರ ಜಾರಿಯನ್ನು ಎರಡು ಬಾರಿ ಮುಂದೂಡಲಾಗಿದೆಯಾದರೂ ಕಾನೂನು ರದ್ದಾಗಿಲ್ಲ. ಪಹಣಿ, ಸರ್ವೆ ನಕ್ಷೆ, ತೋಟದ ಅಕ್ಷಾಂಶ ರೇಖಾಂಶಗಳ ದಾಖಲೆಯನ್ನು ಈಗಲೇ ಸಿದ್ಧಮಾಡಿಕೊಂಡರೆ ಮುಂದೆ ಖರೀದಿದಾರ ಕೇಳಿದಾಗ ಪರದಾಡಬೇಕಾಗಿಲ್ಲ.

ಕೈಗೆ ಬಂದ ಹಣಕ್ಕೆ ಒಂದು ಕ್ರಮ

ನನ್ನ ತಿಳಿವಳಿಕೆಯ ಮಟ್ಟಿಗೆ ಕ್ರಮ ಹೀಗಿರಲಿ. ಮೊದಲು ಹೆಚ್ಚು ಬಡ್ಡಿಯ ಸಾಲ ತೀರಲಿ. ಎರಡನೆಯದಾಗಿ ಒಂದು ವರ್ಷದ ಮನೆಖರ್ಚು ಮತ್ತು ತೋಟದ ಖರ್ಚು ಬೇಕೆಂದಾಗ ಸಿಗುವಂತೆ ಬೇರೆಯಾಗಿರಲಿ. ಮೂರನೆಯದಾಗಿ ಕೆರೆ, ಬಸಿಗಾಲುವೆ, ನೆರಳಿನ ಮರ, ಮೆಣಸಿನ ಬಳ್ಳಿ, ಕಾರ್ಮಿಕರ ಮನೆ, ಇವುಗಳಿಗೆ ಹಣ ಹೋಗಲಿ. ಅನಂತರ ಉಳಿದದ್ದನ್ನು ಹಂಚಿ ಇಡಬೇಕು. ಹತ್ತು ವರ್ಷ ಮುಟ್ಟದೆ ಬಿಡಬಲ್ಲ ಹಣವನ್ನು ಮಾತ್ರ, ಅದೂ ಹಲವು ಉದ್ಯಮಗಳಲ್ಲಿ ಹಂಚಿಹೋಗುವಂತೆ, ಷೇರು ಅಥವಾ ಮ್ಯೂಚುವಲ್ ಫಂಡಿಗೆ ಹಾಕಬಹುದು. ಸಾಲ ಮಾಡಿ ಷೇರು ಕೊಳ್ಳುವುದು ಖಂಡಿತ ಕೂಡದು.

ಸಂಘದ ಕಾರ್ಯದರ್ಶಿಯಾಗಿ ಒಂದು ಮಾತನ್ನು ನಾನೇ ಹೇಳಬೇಕು. ಸಹಕಾರಿ ಬ್ಯಾಂಕೂ ಸೇರಿದಂತೆ ಬ್ಯಾಂಕುಗಳ ಠೇವಣಿಗೆ 2020ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆ ಇದೆ. ನಮ್ಮಂಥ ಪ್ರಾಥಮಿಕ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಆದ್ದರಿಂದ ಸಂಘದ ಮೇಲೆ ಅಭಿಮಾನವಿದ್ದರೂ ಇದ್ದದ್ದನ್ನೆಲ್ಲ ಇಲ್ಲಿಯೇ ಇಡಬೇಡಿ. ಇಟ್ಟವರು ಮಹಾಸಭೆಗೆ ಬಂದು ಲೆಕ್ಕಪರಿಶೋಧನೆಯ ವರದಿ ಓದಿ, ಪ್ರಶ್ನೆ ಕೇಳಿ. ಕೇಳುವ ಸದಸ್ಯನೇ ಸಂಘಕ್ಕೆ ವಿಮೆ.

ಹಣ ದುಪ್ಪಟ್ಟು ಮಾಡಿಕೊಡುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1990ರ ದಶಕದಲ್ಲಿ ತೇಗದ ತೋಟದ ಹೆಸರಿನಲ್ಲಿ ಹಣ ಎತ್ತಿದ ಒಂದು ಕಂಪನಿಗೆ ನಮ್ಮ ತಂದೆಯವರು ಒಂದು ವರ್ಷದ ಅಡಿಕೆಯ ದುಡ್ಡು ಕೊಟ್ಟರು. ಸ್ವಂತ ಹಿತ್ತಿಲಲ್ಲಿ ತೇಗ ಬೆಳೆಸಿದವರು, ಅದು ಬಲಿಯಲು ಎಷ್ಟು ವರ್ಷ ಬೇಕೆಂದು ಬಲ್ಲವರು. ಆದರೂ ಅಚ್ಚಾದ ಕಾಗದವನ್ನು ನಂಬಿದರು. ಆ ಕಾಗದ ಈಗಲೂ ನಮ್ಮ ಪೆಟ್ಟಿಗೆಯಲ್ಲಿದೆ.

ಅಳಿಯನಿಗೆ ನಾನು ಹೇಳಿದ್ದು ಇಷ್ಟು: "ಐದು ವರ್ಷಕ್ಕೆ ಸಾಲ ಹರಿಯುವುದಿಲ್ಲಪ್ಪ, ಐದು ವರ್ಷಕ್ಕೆ ಮೊದಲ ಹೊಂಬಾಳೆ ಕಂಡರೆ ಪುಣ್ಯ. ಹೊಲ ಒತ್ತೆ ಇಡಬೇಡ. ಮೊದಲು ಕೃಷಿಹೊಂಡ ತೋಡಿ ಮಳೆನೀರು ಹಿಡಿ. ಆ ನೀರಿಗೆ ತಕ್ಕ ಬೆಳೆ ನೋಡು." ಅವನಿಗೆ ಸಮಾಧಾನವಾಯಿತೆಂದು ಹೇಳಲಾರೆ. ಬೋರಿನವರಿಗೆ ಕೊಟ್ಟ ಮುಂಗಡದ ವಿಷಯವನ್ನು ಅಕ್ಕ ಅನಂತರ ತಿಳಿಸಿದಳು. ಬಸ್ಸಿಗೆ ಬಿಡಲು ಬಂದಾಗ ಮಾತ್ರ, "ಮಾಮಾ, ಆ ನೀರಿನ ಲೆಕ್ಕಾ ಒಂದು ಹಾಳಿ ಮ್ಯಾಲ ಬರದು ಕೊಡ್ರಿ" ಎಂದ. ಬರೆದುಕೊಟ್ಟು ಬಂದಿದ್ದೇನೆ.

ಸದಸ್ಯರಲ್ಲಿ ಯಾರಿಗಾದರೂ ಅಂಥ ಲೆಕ್ಕ ಬೇಕಿದ್ದರೆ ಸಹಿ ಹಾಕುವ ಮೊದಲು ಕಾಗದಪತ್ರಗಳೊಂದಿಗೆ ಕಛೇರಿಗೆ ಬನ್ನಿ. ಸಹಿ ಹಾಕಿದ ಮೇಲೆ ಬಂದರೆ ನಾವು ಮಾಡಬಹುದಾದದ್ದು ಬಹಳ ಕಡಿಮೆ.

— ಕಾರ್ಯದರ್ಶಿ