ಫೋನ್ ಸದ್ದು ಮಾಡುವ ಮುನ್ನ

ಅಹಮದಾಬಾದಿನ ವಸ್ತ್ರಾಪುರದ ಸುತ್ತ ಇಸ್ರೋದ ಕೇಂದ್ರವಿದೆ, ಐಐಎಂ ಇದೆ. ಕೆಲಸಕ್ಕೋ ಓದಿಗೋ ಬಂದ ಕನ್ನಡಿಗರು ಇಲ್ಲಿ ಸಾಕಷ್ಟಿದ್ದಾರೆ. ಇಂಥ ಮನೆಗಳಲ್ಲಿ ಒಂದು ಸಣ್ಣ ತಕರಾರು ಮತ್ತೆ ಮತ್ತೆ ಕೇಳಿಬರುತ್ತದೆ. ಧಾರವಾಡದಲ್ಲಿರುವ ಅಪ್ಪ ಬೆಳಿಗ್ಗೆ ಐದೂವರೆಗೆ ಎದ್ದು ಶುಭೋದಯದ ಚಿತ್ರ ಕಳಿಸುತ್ತಾರೆ, ಇಲ್ಲಿ ಮಗಳ ದಿಂಬಿನ ಪಕ್ಕದ ಫೋನು ಟಣ್ ಎನ್ನುತ್ತದೆ. ಅದೇ ಮಗಳು ಅಪ್ಪನ ಪಿಂಚಣಿಯ ಕಾಗದಪತ್ರಗಳನ್ನು ಇಮೇಲ್ ಮಾಡಿ ನಾಲ್ಕು ದಿನ ಕಾಯುತ್ತಾಳೆ, ಉತ್ತರವಿಲ್ಲ. ಫೋನ್ ಮಾಡಿ ಕೇಳಿದರೆ, "ಮೇಲ್ ಯಾರ ನೋಡ್ತಾರವಾ, ವಾಟ್ಸಾಪ್ ಹಾಕೂದಿಲ್ಲೇನು?" ಎಂಬ ಮಾತು. ಅಪ್ಪನಿಗೆ ಮಗಳ ವರ್ತನೆ ಉದಾಸೀನ, ಮಗಳಿಗೆ ಅಪ್ಪನದು ಅಶಿಸ್ತು.

ಇಬ್ಬರಲ್ಲೂ ತಪ್ಪಿಲ್ಲ. ಒಬ್ಬೊಬ್ಬರು ಒಂದೊಂದು ಯಂತ್ರದ ರೀತಿನೀತಿ ಕಲಿತಿದ್ದಾರೆ, ಅಷ್ಟೇ. ಎಸ್ಸೆಮ್ಮೆಸ್, ಇಮೇಲ್, ವಾಟ್ಸಾಪ್ ಮೂರೂ ಇಂದು ಒಂದೇ ಗಾಜಿನ ಪರದೆಯ ಮೇಲೆ, ಒಂದೇ ಬಗೆಯ ಸದ್ದಿನೊಂದಿಗೆ ಮೂಡುತ್ತವೆ. ಒಳಗಿನ ಕೆಲಸ ಮಾತ್ರ ಮೂರರದೂ ಬೇರೆ. ಆ ವ್ಯತ್ಯಾಸ ತಿಳಿದರೆ ಯಾವುದಕ್ಕೆ ಯಾವುದನ್ನು ಬಳಸಬೇಕು, ಯಾವುದಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದೂ ತಿಳಿಯುತ್ತದೆ.

ಎಸ್ಸೆಮ್ಮೆಸ್‌ನಿಂದ ಶುರುಮಾಡೋಣ. 1992ರ ಡಿಸೆಂಬರ್ 3ರಂದು ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರ್ ಇಂಗ್ಲೆಂಡಿನಲ್ಲಿ ಕಂಪ್ಯೂಟರಿನಿಂದ ಒಂದು ಮೊಬೈಲಿಗೆ ಕ್ರಿಸ್ಮಸ್ ಶುಭಾಶಯ ಕಳಿಸಿದರು. ಲೋಕದ ಮೊದಲ ಎಸ್ಸೆಮ್ಮೆಸ್ ಅದು. ಈ ಸಂದೇಶಕ್ಕೆ ಇಂಟರ್ನೆಟ್ ಬೇಡ. ಮೊಬೈಲ್ ಜಾಲದಲ್ಲಿ ಮಾತು ಸಾಗುವ ದಾರಿಯ ಜೊತೆಗೆ, ಫೋನು ಮತ್ತು ಟವರು ತಮ್ಮತಮ್ಮಲ್ಲಿ ಸಂಕೇತ ವಿನಿಮಯ ಮಾಡಿಕೊಳ್ಳುವ ಇನ್ನೊಂದು ಸಣ್ಣ ದಾರಿ ಇರುತ್ತದೆ. ಕರೆ ಬಂದಿದೆ, ಕರೆ ಮುಗಿದಿದೆ ಎಂದು ತಿಳಿಸುವುದಕ್ಕೆ ಇರುವ ಆ ದಾರಿಯಲ್ಲೇ ಎಸ್ಸೆಮ್ಮೆಸ್ ತೂರಿಕೊಂಡು ಬರುತ್ತದೆ.

ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಫೋನಿನ ರೇಡಿಯೊ ಬಹುಪಾಲು ಹೊತ್ತು ನಿದ್ದೆಯಲ್ಲಿರುತ್ತದೆ. ಬ್ಯಾಟರಿ ಉಳಿಯುವುದೇ ಹಾಗೆ. ಆದರೆ ನಿಗದಿತ ಕ್ಷಣಗಳಿಗೊಮ್ಮೆ, 4ಜಿ ಜಾಲದಲ್ಲಿ ಸಾಮಾನ್ಯವಾಗಿ 1.28 ಸೆಕೆಂಡಿಗೊಮ್ಮೆ, ಅದು ಎಚ್ಚೆತ್ತು ಟವರಿನ ಕೂಗಿಗೆ ಕಿವಿಗೊಡುತ್ತದೆ. ನೀವು ವಸ್ತ್ರಾಪುರದ ಕೆರೆಯ ಬಳಿ ಇದ್ದೀರೋ, ಅಂಬಾವಾಡಿಗೆ ಹೊರಟಿದ್ದೀರೋ ಎಂಬುದು ಜಾಲಕ್ಕೆ ಖಚಿತವಾಗಿ ಗೊತ್ತಿರುವುದಿಲ್ಲ, ಟವರುಗಳ ಯಾವ ಗುಂಪಿನ ವ್ಯಾಪ್ತಿಯಲ್ಲಿ ಇದ್ದೀರಿ ಎಂಬುದಷ್ಟೇ ಗೊತ್ತು. ಆದ್ದರಿಂದ ಸಂದೇಶ ಬಂದಾಗ ಆ ಗುಂಪಿನ ಟವರುಗಳೆಲ್ಲ ಒಟ್ಟಿಗೆ ನಿಮ್ಮ ಫೋನಿನ ಗುರುತನ್ನು ಕೂಗುತ್ತವೆ. ಫೋನು ಅದನ್ನು ಕೇಳಿಸಿಕೊಂಡು, ತಾನಿರುವ ಟವರಿಗೆ ಓಗೊಟ್ಟು, ಸಂದೇಶ ಪಡೆಯುತ್ತದೆ. ಫೋನು ಆಫ್ ಆಗಿದ್ದರೆ ಸಂದೇಶ ಕಂಪನಿಯ ಕೇಂದ್ರದಲ್ಲಿ ಉಳಿದು, ಆನ್ ಆದೊಡನೆ ಬರುತ್ತದೆ. ಬೆಂಗಳೂರಿನ ವಿಮಾನ ಅಹಮದಾಬಾದಿನಲ್ಲಿ ಇಳಿದ ಕೂಡಲೇ ಸಾಲು ಸಾಲು ಸೀಟುಗಳಲ್ಲಿ ಫೋನುಗಳು ಒಟ್ಟಿಗೆ ಸದ್ದು ಮಾಡುವುದು ಇದರಿಂದಲೇ.

ಈ ಸಂಕೇತದ ದಾರಿ ಬಲು ಇಕ್ಕಟ್ಟು. ಒಂದು ಸಂದೇಶಕ್ಕೆ ಸಿಗುವ ಜಾಗ 140 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರ ಒಂದಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಸುತ್ತದೆ. ಕನ್ನಡ, ಗುಜರಾತಿ ಲಿಪಿಗಳಲ್ಲಿ ಬರೆದರೆ ಒಂದೊಂದು ಚಿಹ್ನೆಗೂ 16 ಬಿಟ್ ಬೇಕು, ಆಗ ಹಿಡಿಸುವುದು 70 ಮಾತ್ರ. ಅದೂ ನಾವು ಎಣಿಸುವ ಅಕ್ಷರದ ಲೆಕ್ಕವಲ್ಲ. 'ವಸ್ತ್ರಾಪುರ' ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರಕ್ಕೆ ಅದು ಹತ್ತು ಚಿಹ್ನೆ: ವ, ಸ, ವಿರಾಮ, ತ, ವಿರಾಮ, ರ, ಆಕಾರದ ಗುರುತು, ಪ, ಉಕಾರದ ಗುರುತು, ರ. ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಪ್ರತ್ಯೇಕ ಜಾಗ. ಎಸ್ಸೆಮ್ಮೆಸ್‌ಗೆ ಕಾಸು ಕೊಡುತ್ತಿದ್ದ ಕಾಲದಲ್ಲಿ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡುವ ರೂಢಿಗೆ ಬಿದ್ದದ್ದಕ್ಕೆ ಕೀಲಿಮಣೆಯ ಜೊತೆಗೆ ಈ ಲೆಕ್ಕವೂ ಕಾರಣ. ಹಬ್ಬದ ದಿನ ಅಗ್ಗದ ಎಸ್ಸೆಮ್ಮೆಸ್ ಪ್ಯಾಕುಗಳು ನಡೆಯುತ್ತಿರಲಿಲ್ಲ, ಹಾಗಾಗಿ ದೀಪಾವಳಿಯ ಶುಭಾಶಯ ಹಿಂದಿನ ದಿನವೇ ಹೋಗಿಬಿಡುತ್ತಿತ್ತು. ನಮ್ಮ ಶಿಷ್ಟಾಚಾರವನ್ನು ಯಂತ್ರವೂ ದರಪಟ್ಟಿಯೂ ಹೀಗೆ ತಿದ್ದುತ್ತ ಬಂದಿವೆ.

ಇಮೇಲ್‌ನ ಹುಟ್ಟು ಬೇರೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸುವ ವ್ಯವಸ್ಥೆ ರೂಪಿಸಿ, ವಿಳಾಸದಲ್ಲಿ @ ಗುರುತು ಬಳಸಿದರು. ಇಲ್ಲಿ ಪತ್ರ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಅದು ಸರ್ವರಿನಲ್ಲಿರುವ ನಿಮ್ಮ ಪೆಟ್ಟಿಗೆಗೆ ಬಂದು ಬೀಳುತ್ತದೆ, ನೀವು ಹೋಗಿ ತೆರೆಯಬೇಕು. ಭಾರತದಲ್ಲಿ 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಮೇಲ್ ನೋಡಲು ಮೋಡೆಮ್ ಹಚ್ಚಿ, ಫೋನ್ ಲೈನಿನ ಮೂಲಕ ಡಯಲ್ ಮಾಡಬೇಕಿತ್ತು. ದಿನಕ್ಕೊಮ್ಮೆ ಪೆಟ್ಟಿಗೆ ತೆರೆದರೆ ಸಾಕು, ಉತ್ತರ ನಾಳೆ ಬರೆದರೂ ನಡೆಯುತ್ತದೆ ಎಂಬ ಸೌಜನ್ಯ ಆಗ ಬೇರೂರಿತು.

ಹಳೆಯ ಅಂಚೆ ಕಚೇರಿಯ ವ್ಯವಹಾರ ಬಲ್ಲವರಿಗೆ ಇದು ಹೊಸದೇನಲ್ಲ. ಇಮೇಲ್ ಕಾಗದದ ಹಾಗೆ, ಎಸ್ಸೆಮ್ಮೆಸ್ ತಂತಿಯ, ಅಂದರೆ ಟೆಲಿಗ್ರಾಮಿನ ಹಾಗೆ. ತಂತಿ ಬಂತೆಂದರೆ ಎದೆ ಧಸಕ್ಕೆನ್ನುತ್ತಿತ್ತು, ಏಕೆಂದರೆ ತಡವಾಗಬಾರದ ಸುದ್ದಿಗಷ್ಟೇ ಜನ ತಂತಿ ಹೊಡೆಸುತ್ತಿದ್ದರು. 2013ರ ಜುಲೈಯಲ್ಲಿ ದೇಶದ ತಂತಿ ಸೇವೆ ನಿಂತುಹೋಯಿತು.

ಕಾಗದ ಮತ್ತು ತಂತಿಯ ನಡುವಿನ ಗೋಡೆಯನ್ನು ಕೆಡವಿದ್ದು ಮೂರನೆಯ ಯಂತ್ರ, ಪುಶ್ ನೋಟಿಫಿಕೇಶನ್. 2009ರಲ್ಲಿ ಆಪಲ್, 2010ರಲ್ಲಿ ಗೂಗಲ್ ಇದನ್ನು ಎಲ್ಲ ಆ್ಯಪ್‌ಗಳಿಗೂ ತೆರೆದಿಟ್ಟವು. ಪ್ರತಿ ಆ್ಯಪ್ಪೂ ತನ್ನ ಸರ್ವರನ್ನು ಪದೇಪದೇ ವಿಚಾರಿಸುತ್ತ ಕೂತರೆ ಮಧ್ಯಾಹ್ನದೊಳಗೆ ಬ್ಯಾಟರಿ ಮುಗಿಯುತ್ತದೆ. ಅದರ ಬದಲು ಫೋನು ಆಪಲ್ ಅಥವಾ ಗೂಗಲ್‌ನ ಸರ್ವರಿನ ಜೊತೆ ಒಂದೇ ಒಂದು ಸಂಪರ್ಕವನ್ನು ಸದಾ ತೆರೆದಿಟ್ಟುಕೊಳ್ಳುತ್ತದೆ. ವಾಟ್ಸಾಪ್, ಬ್ಯಾಂಕು, ಊಟ ತರುವ ಆ್ಯಪ್, ಮೇಲ್ ಎಲ್ಲವೂ ಆ ಒಂದೇ ಬಾಗಿಲಿನಿಂದ ಒಳಬರುತ್ತವೆ. ಕಾಗದವಾಗಿದ್ದ ಇಮೇಲ್ ಕೂಡ ಈಗ ತಂತಿಯಂತೆ ಸದ್ದು ಮಾಡತೊಡಗಿತು. ಸೀರೆಯ ರಿಯಾಯಿತಿಯೂ ಆಸ್ಪತ್ರೆಯ ವರದಿಯೂ ಒಂದೇ ದನಿಯಲ್ಲಿ ಟಣ್ ಎಂದವು.

ಈ ಬಾಗಿಲು ಇಂಟರ್ನೆಟ್ ಇಲ್ಲದೆ ತೆರೆಯದು ಎಂಬುದನ್ನು ಅಹಮದಾಬಾದ್ 2015ರಲ್ಲಿ ಕಂಡಿತು. ಆಗಸ್ಟ್ 25ರಂದು ವಸ್ತ್ರಾಪುರಕ್ಕೆ ಹತ್ತಿರದ ಜಿಎಂಡಿಸಿ ಮೈದಾನದಲ್ಲಿ ಪಾಟೀದಾರ್ ಸಮುದಾಯದ ಮೀಸಲಾತಿ ಬೇಡಿಕೆಯ ಬೃಹತ್ ಸಭೆ ನಡೆದು, ಆಮೇಲೆ ಗಲಭೆ ಹಬ್ಬಿದಾಗ ಸರ್ಕಾರ ಮೊಬೈಲ್ ಇಂಟರ್ನೆಟ್ ನಿಲ್ಲಿಸಿತು. ಫೋನುಗಳಲ್ಲಿ ವಾಟ್ಸಾಪ್ ಸ್ತಬ್ಧವಾಯಿತು. ಬ್ರಾಡ್‌ಬ್ಯಾಂಡ್ ಇದ್ದಲ್ಲಿ ಮಾತ್ರ ಮೇಲ್ ನಡೆಯಿತು. ಒಂದೇ ಪರದೆಯ ಮೇಲೆ ಅಕ್ಕಪಕ್ಕ ಕೂತಿದ್ದ ಸಂದೇಶಗಳು ಬೇರೆ ಬೇರೆ ದಾರಿಯವೆಂಬುದು ಆಗ ಮನೆಮನೆಗೂ ಗೊತ್ತಾಯಿತು.

ವಾಟ್ಸಾಪ್ ಇನ್ನೂ ಒಂದು ಹೊಸ ಸಂಗತಿ ತಂದಿತು. ಕಳಿಸಿದ ಮಾತಿನ ಪಕ್ಕ ಒಂದು ಟಿಕ್ ಗೀಟು ಬಂದರೆ ಸಂದೇಶ ಸರ್ವರಿಗೆ ಹೋಗಿದೆ, ಎರಡು ಬಂದರೆ ಆಚೆಯವರ ಫೋನಿಗೆ ಮುಟ್ಟಿದೆ. 2014ರ ನವೆಂಬರಿನಿಂದ ಗೀಟು ನೀಲಿಯಾದರೆ ಓದಿಯೂ ಆಗಿದೆ. ಇಮೇಲ್ ಇದ್ಯಾವುದನ್ನೂ ತಾನಾಗಿ ಹೇಳುವುದಿಲ್ಲ. ಎಸ್ಸೆಮ್ಮೆಸ್‌ನ ರಸೀದಿ ಹೆಚ್ಚೆಂದರೆ ತಲುಪಿದ್ದನ್ನು ಹೇಳೀತು. ಓದಿದ್ದು ಗೊತ್ತಾದ ಕ್ಷಣದಿಂದ ಕಾಯುವವರ ಮನಸ್ಸಿನಲ್ಲಿ ಗಡಿಯಾರ ಓಡತೊಡಗುತ್ತದೆ. "ನೋಡಿಯೂ ಉತ್ತರ ಕೊಡಲಿಲ್ಲ" ಎಂಬ ಮುನಿಸು ಮನುಷ್ಯ ಸಂಬಂಧಕ್ಕೆ ಬಂದದ್ದು ಆ ನೀಲಿ ಗೀಟಿನ ಜೊತೆಗೆ. ಓದಿದವರು ಬಸ್ಸಿನಲ್ಲಿ ನೇತಾಡುತ್ತಿದ್ದರೋ, ಅಡುಗೆಮನೆಯಲ್ಲಿ ಕೈ ಹಿಟ್ಟು ಮಾಡಿಕೊಂಡಿದ್ದರೋ ಆ ಗೀಟಿಗೆ ತಿಳಿಯದು.

ಸದ್ದಿನಿಂದ ನಮಗಾಗುವ ನಷ್ಟ ಏನು? ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಳೆದಿದೆ. ಗಮನ ಬೇಡುವ ಕೆಲಸದಲ್ಲಿ ತೊಡಗಿದ್ದವರ ಫೋನಿಗೆ ಕರೆ ಅಥವಾ ಸಂದೇಶ ಬಂತು. ಅವರು ಫೋನನ್ನು ಮುಟ್ಟಲೂ ಇಲ್ಲ, ಆದರೂ ಅವರ ತಪ್ಪುಗಳು ಹೆಚ್ಚಿದವು. ಯಾರಿರಬಹುದು, ಏನಿರಬಹುದು ಎಂದು ಮನಸ್ಸು ಅತ್ತ ಹರಿದರೆ ಸಾಕು, ಕೈಯಲ್ಲಿರುವ ಕೆಲಸ ಕೆಡುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಒಂದು ಆಸ್ಪತ್ರೆಯ ಸಿಬ್ಬಂದಿಯನ್ನು ವಿಚಾರಿಸಿದಾಗ ಉತ್ತರ ಕೊಟ್ಟವರಲ್ಲಿ ಶೇಕಡಾ 68 ಮಂದಿ, ಏನೂ ಬಾರದಿದ್ದಾಗಲೂ ಜೇಬಿನ ಸಾಧನ ನಡುಗಿದಂತೆ ಅನ್ನಿಸಿದ್ದುಂಟು ಎಂದರು. ಬಟ್ಟೆಯ ಸಣ್ಣ ಉಜ್ಜಾಟವನ್ನೂ ಮಿದುಳು ಸಂದೇಶವೆಂದು ಓದಿಕೊಳ್ಳುವಷ್ಟು ಕಾತರ.

ಹಾಗಾದರೆ ಎಲ್ಲದರ ಬಾಯಿ ಮುಚ್ಚಿಸಿಬಿಡೋಣವೇ? ಅದಕ್ಕೂ ಉತ್ತರವಿದೆ, ಅದೂ ನಮ್ಮ ದೇಶದ್ದೇ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತದ 237 ಸ್ಮಾರ್ಟ್‌ಫೋನ್ ಬಳಕೆದಾರರನ್ನು ಗುಂಪು ಮಾಡಿ, ಕೆಲವರಿಗೆ ಎಂದಿನಂತೆ, ಕೆಲವರಿಗೆ ಗಂಟೆಗೊಮ್ಮೆ, ಕೆಲವರಿಗೆ ದಿನಕ್ಕೆ ಮೂರು ಸಲ ಕಟ್ಟುಕಟ್ಟಾಗಿ ನೋಟಿಫಿಕೇಶನ್ ತೋರಿಸಿದರು. ಕೆಲವರಿಗೆ ಏನನ್ನೂ ತೋರಿಸಲಿಲ್ಲ. ದಿನಕ್ಕೆ ಮೂರು ಸಲ ಪಡೆದವರು ಹೆಚ್ಚು ಗಮನದಿಂದ, ಹೆಚ್ಚು ನೆಮ್ಮದಿಯಿಂದ ಇದ್ದರು. ನೋಟಿಫಿಕೇಶನ್ ಪೂರ್ತಿ ನಿಂತುಹೋದವರಲ್ಲಿ ಮಾತ್ರ ಏನೋ ತಪ್ಪಿಹೋಗುತ್ತಿದೆ ಎಂಬ ಆತಂಕ ಹೆಚ್ಚಾಯಿತು. ಮನುಷ್ಯನಿಗೆ ಬೇಕಿರುವುದು ಹದ.

ಹೊತ್ತಿಗೆ ಸರಿಯಾಗಿ ಬಂದ ಸದ್ದು ಜೀವವನ್ನೂ ಉಳಿಸಬಲ್ಲದು ಎಂಬುದಕ್ಕೆ ಅಹಮದಾಬಾದ್ ಸಾಕ್ಷಿ. 2010ರ ಮೇ ತಿಂಗಳಿನಲ್ಲಿ ಇಲ್ಲಿ ಉಷ್ಣತೆ 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾದವೆಂದು ಮುಂದೆ ಸಂಶೋಧಕರು ಲೆಕ್ಕ ಹಾಕಿದರು. ಆ ಆಘಾತದ ನಂತರ ನಗರಪಾಲಿಕೆ, ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತಿತರರು ಸೇರಿ 2013ರಲ್ಲಿ ಬಿಸಿಲ ಕಾರ್ಯಯೋಜನೆ ರೂಪಿಸಿದರು. ದಕ್ಷಿಣ ಏಷ್ಯಾದಲ್ಲೇ ಇದು ಮೊದಲು. ಮುನ್ಸೂಚನೆ 45 ಡಿಗ್ರಿ ಮುಟ್ಟಿದರೆ ಕೆಂಪು ಎಚ್ಚರಿಕೆ. ಆಸ್ಪತ್ರೆಗಳಿಗೆ, ಅಧಿಕಾರಿಗಳಿಗೆ, ಜನರಿಗೆ ಎಸ್ಸೆಮ್ಮೆಸ್ ಸೇರಿದಂತೆ ಹಲವು ದಾರಿಗಳಲ್ಲಿ ಸುದ್ದಿ ಹೋಗುತ್ತದೆ. ನೀರಿನ ಏರ್ಪಾಡು, ಆಸ್ಪತ್ರೆಯ ಸಿದ್ಧತೆ ಎಲ್ಲ ಸೇರಿ ಈ ಯೋಜನೆ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿಸಿತೆಂದು 2018ರ ಅಧ್ಯಯನ ಅಂದಾಜಿಸಿತು. 2023ರ ಜೂನ್ 15ರಂದು ಬಿಪರ್‌ಜಾಯ್ ಚಂಡಮಾರುತ ಕಛ್‌ನ ಜಖೌ ಬಳಿ ಅಪ್ಪಳಿಸುವ ಮುನ್ನವೂ ಸರ್ಕಾರದ 'ಸಚೇತ್' ವ್ಯವಸ್ಥೆಯ ಮೂಲಕ ಎಚ್ಚರಿಕೆಯ ಸಂದೇಶಗಳು ಹೋಗಿದ್ದವು. ಅದೇ ವರ್ಷ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳು ಒಟ್ಟಿಗೆ ಜೋರಾಗಿ ಕೂಗಿದ್ದು ನೆನಪಿರಬಹುದು. ಯಾರ ನಂಬರನ್ನೂ ಕೇಳದೆ, ಟವರಿನ ಕೆಳಗಿರುವ ಎಲ್ಲ ಫೋನುಗಳಿಗೂ ಒಂದೇ ಸಲ ಸಾರುವ ವ್ಯವಸ್ಥೆಯ ಪರೀಕ್ಷೆ ಅದು.

ಇಂಥ ಎಚ್ಚರಿಕೆಗೆ ಬೆಲೆ ಬರುವುದು ಕೇಳುವ ಕಿವಿ ದಣಿಯದಿದ್ದರೆ ಮಾತ್ರ. ದಿನವಿಡೀ ಸಾಲದ ಕೊಡುಗೆ, ಶುಭೋದಯದ ಹೂವು, ಸೊಸೈಟಿಯ ಗ್ರೂಪಿನಲ್ಲಿ ನೀರು ಬಾರದ ಬಗ್ಗೆ ನಲವತ್ತು ಜನರ ನಲವತ್ತು ಉತ್ತರ. ಬೇಸತ್ತವರು ಎಲ್ಲವನ್ನೂ ಒಮ್ಮೆಗೇ ಬಂದ್ ಮಾಡುತ್ತಾರೆ, ಬಿಸಿಲಿನ ಎಸ್ಸೆಮ್ಮೆಸ್ ಕೂಡ ಅದರ ಜೊತೆಗೇ ಮೂಲೆ ಸೇರುತ್ತದೆ. ಬೇಡದ ಸದ್ದಿನಿಂದ ಆಗುವ ದೊಡ್ಡ ಹಾನಿ ಇದೇ ಎಂದು ನಾನು ನಂಬಿದ್ದೇನೆ.

ಕಾನೂನು ಒಂದಿಷ್ಟು ಕೆಲಸ ಮಾಡಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2010ರಲ್ಲೇ ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ವ್ಯಾಪಾರಿ ಸಂದೇಶಗಳಿಗೆ ತಡೆ ಹಾಕಿತ್ತು. 2025ರ ತಿದ್ದುಪಡಿಯ ನಂತರ ಕಳಿಸುವವರ ಹೆಸರಿನ ಕೊನೆಯಲ್ಲಿ ಒಂದು ಅಕ್ಷರ ಇರುತ್ತದೆ: 'ಪಿ' ಇದ್ದರೆ ಪ್ರಚಾರ, 'ಎಸ್' ಇದ್ದರೆ ಸೇವೆ, 'ಟಿ' ಇದ್ದರೆ ವಹಿವಾಟು, 'ಜಿ' ಇದ್ದರೆ ಸರ್ಕಾರ. ಕಚೇರಿಯ ಹೊತ್ತು ಮುಗಿದ ಮೇಲೆ ಕೆಲಸದ ಸಂದೇಶಗಳಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ 2017ರ ಜನವರಿಯಿಂದ ಜಾರಿಗೆ ತಂದಿತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇಂಥದೇ ಖಾಸಗಿ ಮಸೂದೆ ಮಂಡಿಸಿದರು.

ಉಳಿದದ್ದು ನಮ್ಮ ಕೈಯಲ್ಲಿದೆ. ಕಳಿಸುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇದು ತಡವಾಗಿ ಮುಟ್ಟಿದರೆ ಓದುವವರಿಗೆ ನಷ್ಟವೇ? ಈ ಗಳಿಗೆಯ ಮಾತಾದರೆ ಕರೆ ಮಾಡಿ. ಇಂದಿನ ಮಾತಾದರೆ ಸಂದೇಶ ಹಾಕಿ. ನಾಳೆಗೆ ನಡೆಯುವುದಾದರೆ, ಕಾಗದಪತ್ರವಿದ್ದರೆ ಮೇಲ್ ಮಾಡಿ, ಮೇಲ್ ನೋಡುವ ರೂಢಿಯಿಲ್ಲದ ಹಿರಿಯರಿಗೆ "ಮೇಲ್ ಹಾಕಿದ್ದೇನೆ" ಎಂದು ಒಂದು ಸಾಲು ತಿಳಿಸಿ. ಬರೀ "ನಮಸ್ಕಾರ" ಎಂದು ಹಾಕಿ ಉತ್ತರಕ್ಕೆ ಕಾಯಬೇಡಿ. ಮಾತನ್ನು ತುಂಡು ಮಾಡಿ ಐದು ಸಲ ಕಳಿಸಿದರೆ ಆಚೆ ಐದು ಸಲ ಸದ್ದಾಗುತ್ತದೆ, ಎಲ್ಲವನ್ನೂ ಒಂದರಲ್ಲೇ ಬರೆಯಿರಿ.

ಪಡೆಯುವವರ ಪಾಲಿನ ಕೆಲಸವೂ ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಅಪ್ಪಣೆ ಕೊಡಬಹುದು. ಆಂಡ್ರಾಯ್ಡ್‌ನಲ್ಲಿ 2017ರಿಂದ ಒಂದೇ ಆ್ಯಪ್ಪಿನೊಳಗೂ ವಹಿವಾಟಿಗೆ ಸದ್ದು ಇಟ್ಟು ಪ್ರಚಾರದ್ದನ್ನು ಮಾತ್ರ ನಿಲ್ಲಿಸುವ ಅನುಕೂಲ ಬಂದಿದೆ, ಆ್ಯಪ್ ಅದನ್ನು ವಿಂಗಡಿಸಿ ಕೊಟ್ಟಿರಬೇಕಷ್ಟೇ. ಕರೆ, ಬ್ಯಾಂಕು, ಸರ್ಕಾರಿ ಎಚ್ಚರಿಕೆ, ಮನೆಯವರ ನಂಬರು, ಇವಿಷ್ಟಕ್ಕೆ ಸದ್ದು ಇರಲಿ. ಗ್ರೂಪುಗಳೂ ಮೇಲೂ ಸದ್ದಿಲ್ಲದೆ ಬಂದು ಕೂರಲಿ, ದಿನಕ್ಕೆ ಎರಡು ಮೂರು ಸಲ ನಾವೇ ಹೋಗಿ ನೋಡೋಣ. ಯಾವುದನ್ನು ಯಾವಾಗ ನೋಡುತ್ತೇವೆ ಎಂಬುದನ್ನು ಮನೆಯವರಿಗೂ ಕಚೇರಿಯವರಿಗೂ ಬಾಯಿಬಿಟ್ಟು ಹೇಳಿದರೆ ಮುನಿಸಿಗೆ ಕಾರಣವೇ ಉಳಿಯುವುದಿಲ್ಲ. ಊರಿನ ಅಪ್ಪ ಅಮ್ಮನ ಫೋನಿನಲ್ಲೂ ಈ ಏರ್ಪಾಟನ್ನು ಬೇಸಿಗೆ ಬರುವ ಮೊದಲೇ ಕೂತು ಮಾಡಿಕೊಡಿ.